ಅಪು ಇನ್ನೂ ಸ್ವಲ್ಪ ಅಳಬೇಕಿತ್ತೆ?

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ 1955ರಲ್ಲಿ ತೆರೆಗೆ ಬಂತು. ಬಂಗಾಳದ ಜನ ಅದನ್ನು ಮೆಚ್ಚಿ ನೋಡಿದರು. ಮರುವರ್ಷ ಅದೇ ಅಪುವಿನ ಮುಂದಿನ ಕಥೆ ‘ಅಪರಾಜಿತೊ’ ಬಂತು. ಮೂಲ ಅದೇ ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಗಳು. ತಾಯಿ ಸರ್ವಜಯಾಳಾಗಿ ಅದೇ ಕರುಣಾ ಬ್ಯಾನರ್ಜಿ. ಆದರೆ ಈ ಸಲ ಪ್ರೇಕ್ಷಕರು ಮುಖ ತಿರುಗಿಸಿದರು. 1957ರಲ್ಲಿ ವೆನಿಸ್ ಚಿತ್ರೋತ್ಸವ ಇದಕ್ಕೆ ಗೋಲ್ಡನ್ ಲಯನ್ ಕೊಟ್ಟಿತು. ಮೃಣಾಲ್ ಸೇನ್, ಋತ್ವಿಕ್ ಘಟಕ್ ಅಂಥವರು ಮೊದಲನೆಯದಕ್ಕಿಂತ ಇದೇ ಮೇಲು ಎಂದರು. ಊರಿನ ಜನರನ್ನು ಚುಚ್ಚಿದ್ದು ಮಾತ್ರ ಬೇರೆಯದೇ: ಹೆತ್ತ ತಾಯಿಯ ಜೊತೆ ಮಗನಾದವನು ಹೀಗೆ ನಡೆದುಕೊಳ್ಳುವುದುಂಟೇ?

ಸಿನಿಮಾದ ಮೊದಲ ಭಾಗ ನಡೆಯುವುದು 1920ರ ಸುಮಾರಿನ ಕಾಶಿಯಲ್ಲಿ. ನಾನು ಎಂ.ಟೆಕ್ ಓದಿದ ಊರು ಅದು. ಹಾಗಾಗಿ ಘಾಟಿನ ಮೆಟ್ಟಿಲು, ಕೊಡೆಯಂಥ ತಟ್ಟಿಗಳು, ಪಾರಿವಾಳಗಳು ನನಗೆ ಪರಿಚಿತ. ಆದರೆ ಆಗ ಗಮನಿಸದ ಒಂದು ಸಂಗತಿ ಈಚೆಗೆ ಕಂಡಿತು. ಕಾಶಿಯಲ್ಲಿ ಹುಡುಗ ಅಪು ಗಲ್ಲಿ, ಘಾಟುಗಳಲ್ಲೆಲ್ಲ ಓಡಾಡುತ್ತಾನೆ. ತಾಯಿಯನ್ನು ನಾವು ಹೆಚ್ಚಾಗಿ ನೋಡುವುದು ಮನೆಯ ಅಂಗಳದಲ್ಲೇ. ಗಂಡ ಹರಿಹರ ತೀರಿಕೊಂಡ ಮೇಲೆ ಅವಳು ಶ್ರೀಮಂತರೊಬ್ಬರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಒಂದು ದಿನ ಮಗ ಯಜಮಾನರಿಗೆ ಹುಕ್ಕಾ ಹಚ್ಚಿಕೊಡುವುದು ಅವಳ ಕಣ್ಣಿಗೆ ಬೀಳುತ್ತದೆ. ಮುಂದಿನ ದೃಶ್ಯದಲ್ಲಿ ತಾಯಿ-ಮಗ ರೈಲಿನಲ್ಲಿದ್ದಾರೆ. ಅಂದರೆ ಅಪುವಿಗೆ ಹೊರಡುವುದನ್ನು ಕಲಿಸಿದವಳು ಅವನ ತಾಯಿಯೇ. ಮುಂದೆ ಅವನು ಕಲ್ಕತ್ತೆಗೆ ಓದಲು ಹೋಗುತ್ತೇನೆಂದಾಗ ಸಿಟ್ಟಿನಲ್ಲಿ ಹೊಡೆದು, ಆಮೇಲೆ ಕೂಡಿಟ್ಟ ದುಡ್ಡನ್ನು ಅವನ ಕೈಗಿಡುವವಳೂ ಅವಳೇ.

ಅಲ್ಲಿಂದಾಚೆಗಿನದು ನಮ್ಮ ನಿಮ್ಮ ಕಥೆ. ರಜೆ ಕಡಿಮೆ, ಓದುವುದಿದೆ ಎಂಬ ಕಾಗದ. ಒಮ್ಮೆ ಸ್ಟೇಷನ್ನಿಗೆ ಹೋಗಿ, ಬಂದ ರೈಲನ್ನು ಹತ್ತದೆ ಮನೆಗೆ ಮರಳಿ ‘ರೈಲು ತಪ್ಪಿತು’ ಎನ್ನುವುದು. ತಾಯಿ ಕಾಯಿಲೆಯನ್ನು ಮುಚ್ಚಿಡುವುದು. ಮಗ ಬರುವಷ್ಟರಲ್ಲಿ ಎಲ್ಲ ಮುಗಿದಿರುವುದು. ಅವನು ಮರದ ಕೆಳಗೆ ಕೂತು ಅಳುತ್ತಾನೆ. ಆಮೇಲೆ ಗಂಟು ಕಟ್ಟಿಕೊಂಡು, ಕರ್ಮವನ್ನು ಕಾಳೀಘಾಟಿನಲ್ಲಿ ಮಾಡುತ್ತೇನೆಂದು ಹೇಳಿ, ಪರೀಕ್ಷೆಗೆ ಹೊರಟುಬಿಡುತ್ತಾನೆ.

ಕಾದಂಬರಿಯಲ್ಲಿ ಇದಕ್ಕಿಂತ ಕಠಿಣವಾದ ಮಾತಿದೆ. ತಾಯಿ ಸತ್ತ ಸುದ್ದಿ ಕೇಳಿದಾಗ ಅಪುವಿಗೆ ಮೊದಲು ಆದದ್ದು ಒಂದು ಬಗೆಯ ಬಿಡುಗಡೆಯ ಹಗುರ, ಅದರ ಹಿಂದೆಯೇ ದುಃಖ. ಈ ಸಿನಿಮಾ ಮಾಡಲು ತನ್ನನ್ನು ಸೆಳೆದದ್ದು ಆ ಮಾತೇ ಎಂದು ರಾಯ್ ಬರೆದುಕೊಂಡಿದ್ದಾರೆ.

ಈಚೆಗೆ ನಾವು ಏಳೆಂಟು ಜನ ಕನ್ನಡದವರು ಕೂತು ಇದನ್ನು ನೋಡಿದೆವು. ಎಲ್ಲರೂ ಊರು ಬಿಟ್ಟು ಬಂದವರೇ. ಅಭಿಪ್ರಾಯಗಳು ಎಪ್ಪತ್ತು ವರ್ಷದಲ್ಲಿ ಹೆಚ್ಚೇನೂ ಬದಲಾಗಿಲ್ಲ. ‘ಹದಿಮೂರು ದಿನ ಇರಬಾರದಿತ್ತೇ, ಎಂಥ ಮಗ!’ ಎಂದರೊಬ್ಬರು. ‘ಆ ತಾಯಿಯಾದರೂ ಬಾಯಿಬಿಟ್ಟು ಹೇಳಬೇಕಿತ್ತು’ ಎಂದರು ಇನ್ನೊಬ್ಬರು. ಓದುತ್ತಿರುವ ಹುಡುಗಿಯೊಬ್ಬಳು, ‘ಉಳಿದಿದ್ದರೆ ಯಾರಿಗೆ ಏನು ಸಿಗುತ್ತಿತ್ತು ಅಂಕಲ್?’ ಎಂದು ಕೇಳಿದಳು. ಯಾರೂ ಉತ್ತರಿಸಲಿಲ್ಲ.

ನನಗೆ ಆಗ ಭೈರಪ್ಪನವರ ‘ವಂಶವೃಕ್ಷ’ ನೆನಪಾಯಿತು. ಗಿರೀಶ ಕಾರ್ನಾಡರು, ಬಿ.ವಿ. ಕಾರಂತರು ಸೇರಿ ಅದನ್ನು ಸಿನಿಮಾ ಮಾಡಿದರು. ಅಲ್ಲಿ ಬಿಟ್ಟು ಹೋಗುವವಳು ತಾಯಿ. ವಿಧವೆ ಕಾತ್ಯಾಯಿನಿ ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಯರಲ್ಲಿ ಬಿಟ್ಟು ಮರುಮದುವೆಯಾಗುತ್ತಾಳೆ. ಕಾದಂಬರಿ ಅವಳಿಗೆ ಗರ್ಭಪಾತದ ಮೇಲೆ ಗರ್ಭಪಾತ, ಕೊರಗು, ಸಾವು ಎಲ್ಲವನ್ನೂ ಕೊಡುತ್ತದೆ. ಅದು ಸರಿಯೇ ಎಂದು ನಾವು ಇವತ್ತಿಗೂ ಜಗಳವಾಡುತ್ತೇವೆ. ಆದರೆ ಓದಿ ಮುಗಿಸಿದಾಗ ಲೆಕ್ಕ ಚುಕ್ತಾ ಆಯಿತೆಂಬ ಭಾವ ಒಂದಿರುತ್ತದೆ: ಬಿಟ್ಟು ಹೋದಳು, ಬೆಲೆ ತೆತ್ತಳು. ‘ಅಪರಾಜಿತೊ’ ಅಪುವಿಗೆ ಶಿಕ್ಷೆಯನ್ನೂ ಕೊಡುವುದಿಲ್ಲ, ಕ್ಷಮೆಯನ್ನೂ ಕೊಡುವುದಿಲ್ಲ. ಪ್ರೇಕ್ಷಕರಿಗೆ ತಡೆಯಲಾಗದ್ದು ಇದೇ ಇರಬೇಕು. ಬಿಟ್ಟು ಹೋಗುವುದನ್ನು ನಾವು ಒಪ್ಪುತ್ತೇವೆ, ಸಾಕಷ್ಟು ಅಳುವುದಾದರೆ. ಅಪುವಿನ ಕಣ್ಣೀರು ನಮ್ಮ ಅಳತೆಗೆ ಕಡಿಮೆ ಬಿತ್ತು.

ಆದರೆ ಕಣ್ಣೀರು ಅಳತೆಯೇ? ತಾಯಿ ಸತ್ತಾಗ ಮನಸ್ಸು ಹಗುರವಾದರೆ ಪ್ರೀತಿ ಇರಲಿಲ್ಲವೆಂದು ಅರ್ಥವಲ್ಲ. ಹೊರೆಯೂ ಪ್ರೀತಿಯೂ ಒಂದೇ ಗಂಟಿನಲ್ಲಿರುತ್ತವೆ. ಗಂಟು ಇಳಿದಾಗ ಬೆನ್ನಿಗೆ ಹಗುರ, ಕೈಗೆ ಖಾಲಿ. ಯಾವ ಭಾವ ಯಾವಾಗ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಅಪರಾಧಿಯೆನ್ನುವುದು ನ್ಯಾಯವಲ್ಲ.

ಹಾಗಾದರೆ ಅಪುವನ್ನು ಏನೂ ಕೇಳುವ ಹಾಗಿಲ್ಲವೇ? ಇದೆ. ಆ ಪ್ರಶ್ನೆ ಸಾವಿನ ದಿನದ್ದಲ್ಲ, ಅದಕ್ಕೂ ಮೊದಲಿನ ಒಂದು ರಾತ್ರಿಯದ್ದು. ರಜೆಗೆ ಬಂದ ಮಗನ ಪಕ್ಕ ಕೂತು ತಾಯಿ ಕೇಳುತ್ತಾಳೆ: ನನಗೆ ಕಾಯಿಲೆ ಬಂದರೆ ನೀನು ದುಡಿದು ಔಷಧಿ ಮಾಡಿಸುತ್ತೀಯಾ? ಉತ್ತರವಿಲ್ಲ. ನೋಡಿದರೆ ಅವನಿಗೆ ನಿದ್ದೆ ಹತ್ತಿದೆ. ಅವನು ಕೆಟ್ಟವನಲ್ಲ, ದಣಿದ ಹುಡುಗ. ಆದರೆ ಅವಳು ನೇರವಾಗಿ ಹೇಳಲಾರದ್ದನ್ನು ಹೇಳಲು ಹವಣಿಸಿದ ರಾತ್ರಿ ಅದು, ಮತ್ತೆ ಬರಲಿಲ್ಲ.

ನನ್ನ ಕೆಲಸದಲ್ಲಿ ವಾರಕ್ಕೊಮ್ಮೆ ಪ್ರಾಜೆಕ್ಟ್ ವರದಿ ಬರುತ್ತದೆ: ಹಸಿರು, ಹಳದಿ, ಕೆಂಪು. ಎಷ್ಟೋ ವಾರ ಹಸಿರೇ ತೋರಿಸುತ್ತಿದ್ದರೆ ಅನುಭವಸ್ಥರು ಸಮಾಧಾನಪಡುವುದಿಲ್ಲ, ಎದ್ದು ಹೋಗಿ ವಿಚಾರಿಸುತ್ತಾರೆ. ನಮ್ಮ ತಾಯಂದಿರ ವರದಿ ಯಾವಾಗಲೂ ಹಸಿರೇ. ‘ನಂಗೇನಾಗಿದೆ, ಚೆನ್ನಾಗಿದ್ದೀನಿ, ನೀನು ಊಟ ಮಾಡಿದ್ಯಾ?’ ಎನ್ನುತ್ತಾರೆ. ಸರ್ವಜಯಾ ಬರೆದದ್ದೂ ಅದೇ ವರದಿ. ಅದನ್ನು ನಂಬುವುದು ನಮಗೆ ಅನುಕೂಲ. ಆ ಅನುಕೂಲ ಭಾವವಲ್ಲ, ಆಯ್ಕೆ. ನಾವು ಉತ್ತರ ಹೇಳಬೇಕಾದ್ದು ಅದಕ್ಕೆ.

ಕಾಶಿಗೆ ಹೋದವರು ಇಷ್ಟದ ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರುವುದು ನಮ್ಮ ಹಿರಿಯರ ರೂಢಿ. ಹಾಗಲಕಾಯಿ ಬಿಟ್ಟು ಬಂದವರನ್ನು ನೋಡಿ ನಗುತ್ತೇವೆ, ಅದು ಮೊದಲೇ ಇಷ್ಟವಿರಲಿಲ್ಲವಲ್ಲ ಎಂದು. ಊರು ಬಿಟ್ಟ ನಮ್ಮ ದುಃಖವನ್ನೂ ಹಾಗೆಯೇ ನೋಡಬಹುದು. ಹಬ್ಬದ ದಿನ ಮನೆ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದರಲ್ಲಿ ನಾವು ಬಿಡುವುದು ಹಾಗಲಕಾಯಿಯನ್ನು ಮಾತ್ರ. ‘ಚೆನ್ನಾಗಿದ್ದೀನಿ’ ಎಂದ ಮೇಲೂ ‘ನಿಜ ಹೇಳಮ್ಮ’ ಎಂದು ಎರಡನೇ ಸಲ ಕೇಳಿದರೆ ರಜೆ ಹಾಕಬೇಕಾದೀತು, ಟಿಕೆಟ್ ತೆಗೆಯಬೇಕಾದೀತು. ಇಷ್ಟದ್ದನ್ನು ಬಿಡುವುದು ಅಲ್ಲಿಂದ ಶುರು.