ಹಣದ ಮೂಲವೂ ವಕೀಲನ ಮೌನವೂ

ಅನ್ಯಾಯದಿಂದ ಬಂದ ಹಣವು ಹತ್ತು ಕೈ ದಾಟಿದ ಮಾತ್ರಕ್ಕೆ ಶುದ್ಧವಾದೀತೆ? ಈ ಪ್ರಶ್ನೆಯ ಸುತ್ತಲೇ ಇಂದು ಕೆಲವು ನ್ಯಾಯವಾದಿಗಳ ವೃತ್ತಿಜೀವನ ಸಾಗುತ್ತದೆ. ಅವರು ನ್ಯಾಯಾಲಯದಲ್ಲಿ ವಾದಿಸುವುದಕ್ಕಿಂತ ಹೆಚ್ಚಾಗಿ ದೇಶದೇಶಗಳ ಕಾನೂನುಗಳನ್ನು ಪರಿಶೀಲಿಸಿ, ಲೋಪಗಳನ್ನು ಗುರುತಿಸಿ, ನಿಯಮಗಳ ಕರಡನ್ನು ಸಿದ್ಧಪಡಿಸುತ್ತಾರೆ.

1989ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಏಳು ರಾಷ್ಟ್ರಗಳ ಶೃಂಗಸಭೆಯು ಎಫ್‌ಎಟಿಎಫ್ ಎಂದು ಪ್ರಸಿದ್ಧವಾದ ಕಾರ್ಯಪಡೆಯನ್ನು ಸ್ಥಾಪಿಸಿತು. ಮರುವರ್ಷ ಅದು 40 ಶಿಫಾರಸುಗಳನ್ನು ಪ್ರಕಟಿಸಿತು. ಭಾರತದಲ್ಲಿ ಹಣ ಅಕ್ರಮ ವರ್ಗಾವಣೆ ತಡೆಯುವ 2002ರ ಕಾಯಿದೆಯು 2005ರಲ್ಲಿ ಜಾರಿಗೆ ಬಂದಿತು; 2010ರಲ್ಲಿ ಭಾರತವು ಕಾರ್ಯಪಡೆಯ ಸದಸ್ಯರಾಷ್ಟ್ರವಾಯಿತು.

ಮೊದಲು ಬ್ಯಾಂಕುಗಳ ಮೇಲಿದ್ದ ಈ ಹೊಣೆಯನ್ನು 2003ರಲ್ಲಿ ವಕೀಲರು ಮತ್ತು ಲೆಕ್ಕಿಗರಿಗೂ ವಿಸ್ತರಿಸಲಾಯಿತು. ಕಕ್ಷಿದಾರನ ಪರವಾಗಿ ಆಸ್ತಿ ಕೊಳ್ಳುವಾಗ, ಹಣ ನಿರ್ವಹಿಸುವಾಗ, ಕಂಪನಿ ಸ್ಥಾಪಿಸುವಾಗ ಅದರ ನಿಜವಾದ ಒಡೆಯನಾರೆಂದು ಅರಿಯಬೇಕು. ಸಂಶಯ ಬಂದಲ್ಲಿ ವರದಿ ಮಾಡಬೇಕು. ವೃತ್ತಿಯ ಗೋಪ್ಯತೆಗೆ ಒಳಪಟ್ಟ ಮಾಹಿತಿಗೆ ಮಾತ್ರ ವಿನಾಯಿತಿ.

ಧರ್ಮಸಂಕಟವಿರುವುದು ಇಲ್ಲಿಯೇ. ವಕೀಲನೇ ಸರ್ಕಾರಕ್ಕೆ ಸುದ್ದಿ ಮುಟ್ಟಿಸುವನೆಂದಾದರೆ ನಿರಪರಾಧಿಯೂ ಅವನೆದುರು ಮನಬಿಚ್ಚಿ ಮಾತನಾಡಲಾರನು. ಈ ಬಗೆಯ ಆಕ್ಷೇಪಣೆಯನ್ನು ಮನ್ನಿಸಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ವಕೀಲರಿಗೆ ಅನ್ವಯಿಸಿದ್ದ ಕೆಲವು ವಿಧಿಗಳನ್ನು ಅಸಿಂಧುಗೊಳಿಸಿತು. ಭಾರತದಲ್ಲಿ 2023ರ ಮೇ ತಿಂಗಳ ಅಧಿಸೂಚನೆಯು ಗ್ರಾಹಕರ ಪರವಾಗಿ ಇಂತಹ ವ್ಯವಹಾರ ನಡೆಸುವ ಚಾರ್ಟರ್ಡ್ ಅಕೌಂಟೆಂಟರನ್ನೂ ಕಂಪನಿ ಸೆಕ್ರೆಟರಿಗಳನ್ನೂ ಕಾಯಿದೆಯ ವ್ಯಾಪ್ತಿಗೆ ತಂದಿತು. ಆ ಪಟ್ಟಿಯಲ್ಲಿ ವಕೀಲರನ್ನು ಹೆಸರಿಸಲಿಲ್ಲ.

ಕಾನೂನು ಬಿಟ್ಟ ಜಾಗವನ್ನು ವಿವೇಕ ತುಂಬಬೇಕು. ನಡೆದುಹೋದ ತಪ್ಪನ್ನು ಕೇಳಿ, ಗುಟ್ಟನ್ನು ಕಾಯ್ದು, ಆರೋಪಿಯ ಪರ ವಾದಿಸುವವನು ನ್ಯಾಯಕ್ಕೆ ಸಹಾಯಕನು. ತಿಳಿದೂ ಆ ಹಣವನ್ನು ಮರೆಮಾಡಲು ಹೆಸರಿಗಷ್ಟೇ ಇರುವ ಕಂಪನಿಯನ್ನು ಕಟ್ಟಿಕೊಡುವವನು ಕೃತ್ಯದಲ್ಲಿಯೇ ಪಾಲುದಾರನು. ಮೊದಲನೆಯವನದು ಮೌನ, ಎರಡನೆಯವನದು ಕ್ರಿಯೆ. ಗೋಪ್ಯತೆಯ ರಕ್ಷೆ ಮೌನಕ್ಕೆ ಸಲ್ಲುತ್ತದೆ, ಕ್ರಿಯೆಗಲ್ಲ.

ಶ್ರಾವಕರಿಗೆ ಈ ವಿವೇಚನೆ ಹೊಸದಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು. ಕಳ್ಳನು ತಂದುದನ್ನು ಸ್ವೀಕರಿಸುವುದೆಂದು ಅದರ ಅರ್ಥ. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಕರ್ಮಬಂಧಕ್ಕೆ ಕಾರಣವೆನ್ನುವ ಧರ್ಮದಲ್ಲಿ ‘ನಾನು ಕಾಗದವನ್ನಷ್ಟೇ ಬರೆದೆ’ ಎಂಬ ಸಮಾಧಾನಕ್ಕೆ ಎಡೆಯಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವರ್ತಕನಿಗೂ, ದೊಡ್ಡ ದೇಣಿಗೆಗೆ ರಸೀದಿ ಬರೆಯುವ ಧರ್ಮದರ್ಶಿಗೂ ಇದೇ ಮಾತು ಅನ್ವಯಿಸುತ್ತದೆ. ಹಣ ಎಲ್ಲಿಂದ ಬಂದಿತೆಂದು ಕೇಳುವುದು ಕೊಡುವವನಿಗೆ ಮಾಡಿದ ಅವಮಾನವಲ್ಲ. ಪಡೆಯುವವನು ತನ್ನ ವ್ರತಕ್ಕೆ ಸಲ್ಲಿಸುವ ಗೌರವ.