ಕನ್‌ಫ್ಯೂಷಿಯಸ್ ಮತ್ತು ಚೀನೀ ರಾಷ್ಟ್ರೀಯತೆ

ಸಾಮ್ರಾಜ್ಯಕಾಲದ ಚೀನಾದ ವಿದ್ಯಾವಂತರನ್ನು ಒಗ್ಗೂಡಿಸಿದ್ದು ರಾಷ್ಟ್ರಭಾವನೆಗಿಂತ ಹೆಚ್ಚಾಗಿ ಕನ್‌ಫ್ಯೂಷಿಯಸ್‌ನ ನೀತಿ, ಪಿತೃಪೂಜೆ, ಚಕ್ರವರ್ತಿನಿಷ್ಠೆ. 1895ರಲ್ಲಿ ಜಪಾನ್‌ಗೆ ಸೋತ ಮೇಲೆ ಈ ವ್ಯವಸ್ಥೆಯ ಮೇಲಿನ ನಂಬಿಕೆ ಅಲುಗಾಡಿತು. 1905ರಲ್ಲಿ ಕನ್‌ಫ್ಯೂಷಿಯನ್ ಗ್ರಂಥಗಳನ್ನು ಆಧರಿಸಿದ ಸರ್ಕಾರಿ ಪರೀಕ್ಷೆಯೇ ರದ್ದಾಯಿತು.

ಹಾಗಾದರೆ ಚೀನೀಯರನ್ನು ಒಂದಾಗಿಸುವುದು ಮತವೋ ವಂಶವೋ? ಸುಧಾರಣಾವಾದಿ ಚಿಂತಕ ಕಾಂಗ್ ಯೂವೇ ಕನ್‌ಫ್ಯೂಷಿಯನ್ ಮತವೇ ರಾಷ್ಟ್ರಧರ್ಮವಾಗಲಿ ಎಂದರು. ಕ್ರಾಂತಿಕಾರಿ ವಿದ್ವಾಂಸ ಜಾಂಗ್ ಬಿಂಗ್‌ಲಿನ್ ಹಾನ್ ವಂಶಮೂಲವನ್ನು ಮುಂದಿಟ್ಟು, ಆಗ ಆಳುತ್ತಿದ್ದ ಮಂಚು ಅರಸರನ್ನು ಪರಕೀಯರೆಂದರು. 1912ರ ಗಣರಾಜ್ಯ ಎರಡನ್ನೂ ಬಿಟ್ಟು, ಹಾನ್, ಮಂಚು, ಮಂಗೋಲ್, ಹುಯಿ, ಟಿಬೆಟನ್ನರನ್ನು ಸೂಚಿಸುವ ಐದು ಪಟ್ಟಿಗಳ ಧ್ವಜ ಹಾರಿಸಿತು. 1919ರ ಮೇ 4ರ ಚಳವಳಿಯ ಚಿಂತಕರು ವಿಜ್ಞಾನ, ಪ್ರಜಾಪ್ರಭುತ್ವಗಳತ್ತ ಕೈತೋರಿದರು.

ಕಮ್ಯುನಿಸ್ಟ್ ಆಳ್ವಿಕೆಯಲ್ಲಿ, 1966ರಲ್ಲಿ, ಮಾವೋನ ಯುವ ಅನುಯಾಯಿಗಳಾದ ರೆಡ್ ಗಾರ್ಡ್‌ಗಳು ಕನ್‌ಫ್ಯೂಷಿಯಸ್‌ನ ಊರಾದ ಚೂಫುವಿನಲ್ಲಿ ಅವನ ಸಮಾಧಿಯ ಶಿಲಾಫಲಕ ಒಡೆದರು. ಆದರೆ 2004ರಿಂದ ಸರ್ಕಾರವೇ ಅವನ ಹೆಸರಿನ ಸಂಸ್ಥೆಗಳನ್ನು ವಿದೇಶಗಳಲ್ಲಿ ತೆರೆಸಿತು. ಸಂಪ್ರದಾಯ ರಾಷ್ಟ್ರವನ್ನು ರೂಪಿಸಿತು ಎನ್ನುವುದಕ್ಕಿಂತ, ಪ್ರತಿ ತಲೆಮಾರು ತನ್ನ ಅಗತ್ಯಕ್ಕೆ ತಕ್ಕಂತೆ ಸಂಪ್ರದಾಯವನ್ನು ತಿದ್ದಿಕೊಂಡಿತು ಎನ್ನುವುದೇ ಸರಿ.