ಭೂಮಿಗೆ ಭಾರ ಜನವೋ, ಭೋಗವೋ?

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ ದಾಸೋಹದ ಪಂಕ್ತಿಯನ್ನು ನೆನಪಿಸಬೇಕಾಗಿಲ್ಲ. ಕುಳಿತವರು ಎಷ್ಟೇ ಮಂದಿಯಿರಲಿ, ಅಲ್ಲಿಯ ನಿಯಮ ಒಂದೇ: ಬೇಕಾದಷ್ಟನ್ನು ಮಾತ್ರ ನೀಡಿಸಿಕೊಳ್ಳಬೇಕು, ನೀಡಿಸಿಕೊಂಡುದನ್ನು ಚೆಲ್ಲಬಾರದು. ಈ ನಿಯಮ ಊಟದ ಮನೆಗಷ್ಟೇ ಸಲ್ಲತಕ್ಕದ್ದೇ ಎಂಬುದನ್ನು ನಾವಿಂದು ವಿಚಾರಿಸಬೇಕಾಗಿದೆ.

1951ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಸುಮಾರು 36 ಕೋಟಿ. 2011ರಲ್ಲಿ ಅದು 121 ಕೋಟಿ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ನಾವು ಚೀನವನ್ನೂ ಮೀರಿದೆವು. ಜನ ಬೆಳೆದಂತೆ ನೆಲ ಬೆಳೆಯಲಿಲ್ಲ. ಅನ್ನಕ್ಕಾಗಿ ಭೂಮಿಯ ಒಡಲನ್ನು ಕೊರೆದೆವು. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲವನ್ನು ಎತ್ತುವ ದೇಶ ಇಂದು ನಮ್ಮದೇ. ಕೋಲಾರದ ಕಡೆ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿವೆ. ಆದುದರಿಂದ ಜನಸಂಖ್ಯೆಯ ಚಿಂತೆ ನಿರಾಧಾರವೆಂದು ಯಾರೂ ಹೇಳಲಾರರು.

ಆದರೆ ‘ಬಡವರು ಮಕ್ಕಳನ್ನು ಹೆತ್ತರು, ಭೂಮಿ ಕೆಟ್ಟಿತು’ ಎಂದು ಉಳ್ಳವರು ನಿಟ್ಟುಸಿರಿಡುವುದು ನ್ಯಾಯವೇ? ಲೆಕ್ಕವನ್ನು ನೋಡಿರಿ. ಜಗತ್ತಿನ ಜನರಲ್ಲಿ ಅಮೆರಿಕದವರು ನೂರಕ್ಕೆ ಸುಮಾರು ನಾಲ್ವರು. ಇಂಧನ ಸುಟ್ಟು ಏಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅವರ ಪಾಲು ನೂರಕ್ಕೆ 12ಕ್ಕೂ ಹೆಚ್ಚು. ಅಲ್ಲಿಯ ಒಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಬಂದರೆ, ಭಾರತೀಯನ ಪಾಲಿಗೆ ಸುಮಾರು 2 ಟನ್. ತಲೆಗಳನ್ನು ಎಣಿಸಿದರೆ ಸಾಲದು. ಒಂದೊಂದು ತಲೆಯ ಬಯಕೆಯನ್ನೂ ಅದರೊಡನೆ ಗುಣಿಸಬೇಕು.

ಈ ಮಾತನ್ನು ಪರದೇಶದವರಿಗೆ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ತಾಯಿಯೊಬ್ಬಳಿಗೆ ಮಕ್ಕಳ ಸರಾಸರಿ 1.7ಕ್ಕೆ ಇಳಿದಿದೆ. ಮಕ್ಕಳ ಸಂಖ್ಯೆ ಇಳಿಯಿತು, ಬಯಕೆ ಇಳಿಯಿತೇ? ಸುಮಾರು ನೂರು ಕಿಲೋಮೀಟರು ದೂರದಿಂದ ಎತ್ತರಕ್ಕೆ ಏರಿಸಿ ತಂದ ಕಾವೇರಿಯ ನೀರಿನಿಂದ ಬೆಂಗಳೂರಿನಲ್ಲಿ ಕಾರು ತೊಳೆಯುತ್ತಿದ್ದೆವು. 2024ರ ಬರದಲ್ಲಿ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸಿ ಅದನ್ನು ನಿಷೇಧಿಸಬೇಕಾಯಿತು. ಅಂತಃಕರಣ ಹೇಳಬೇಕಾದುದನ್ನು ದಂಡ ಹೇಳಬೇಕಾಯಿತೆಂಬುದು ನಮಗೆ ಶೋಭೆಯಲ್ಲ.

ಹಾಗೆಂದು, ಮನೆಗೊಂದು ದೀಪವನ್ನೂ ಬಿಸಿಲಿಗೊಂದು ಪಂಖವನ್ನೂ ಬಯಸುವ ಬಡವನಿಗೆ ಸಂಯಮವನ್ನು ಬೋಧಿಸುವುದು ಧರ್ಮವಲ್ಲ. ಅವನ ತಟ್ಟೆಗೆ ಇನ್ನೂ ಬಡಿಸಿಯೇ ಇಲ್ಲ. ಸಂಯಮ ಮೊದಲು ಉಂಡವನ ಕರ್ತವ್ಯ. ‘ನಾನು ದುಡಿದುದು, ನಾನು ವ್ಯಯಿಸುವೆ’ ಎನ್ನುವವರುಂಟು. ಶರಣರು ಕಾಯಕದೊಡನೆ ದಾಸೋಹವನ್ನು ಸೇರಿಸಿದ್ದು ಈ ಅಹಂಕಾರ ಅಳಿಯಲೆಂದೇ. ದುಡಿಮೆ ನಮ್ಮದಿರಬಹುದು, ನೀರು, ಗಾಳಿ, ಮಣ್ಣುಗಳನ್ನು ನಾವು ದುಡಿದು ತಂದವರಲ್ಲ. ಅವು ಪ್ರಸಾದ.

ಪಂಕ್ತಿಯ ತುದಿಯಲ್ಲಿ ಇನ್ನೂ ಹುಟ್ಟದ ಮಕ್ಕಳು ಕುಳಿತಿದ್ದಾರೆ. ಅವರು ಕೂಗಿ ಕೇಳಲಾರರು. ತಟ್ಟೆಗೆ ಕೈಯಡ್ಡ ಹಿಡಿದು ‘ಸಾಕು’ ಎನ್ನುವುದನ್ನು ಶ್ರೀಮಠ ನಮಗೆ ಎಳವೆಯಲ್ಲಿಯೇ ಕಲಿಸಿದೆ. ಪ್ರಿಯ ಓದುಗರೇ, ಊಟದ ಮನೆಯಲ್ಲಿ ಕಲಿತ ಆ ಒಂದು ಮಾತನ್ನು ಅಂಗಡಿಯಲ್ಲಿಯೂ ಮನೆಯ ನಲ್ಲಿಯ ಮುಂದೆಯೂ ಆಡುವವರಾಗೋಣ.